ಎರಡನೆಯ ಲ್ಯಾಪ್‌ಟಾಪು

"ಕರಕರ ಅಂತೈತೇನ್ರಿ, ಅಕ್ಕಾರ?" ಕಾಶೀನಾಥ ಕೇಳಿದ.

ದಾಕ್ಷಾಯಿಣಿ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಹೌದು, ಅನ್ನುತ್ತಿತ್ತು. ಲ್ಯಾಪ್‌ಟಾಪು ಬರೀ ಹಾಡು ನುಡಿಸುವಾಗ ಧ್ವನಿ ಸ್ವಚ್ಛವಾಗಿತ್ತು. ಕಾಶೀನಾಥನ ಮಗಳು ತೇಜಶ್ರೀ ಅದರ ಜೊತೆಗೆ ಚಿತ್ರಗಳನ್ನೂ ಓಡಿಸಿದ ಕೂಡಲೇ ಒಡೆಯತೊಡಗಿತು.

"ಹೂಂ. ಜೋರಾಗೇ ಐತಿ."

"ಹಂಗಾದ್ರ ಇದು ಬ್ಯಾಡ."

ಒಂದು ಹೋಯಿತು. ದಾಕ್ಷಾಯಿಣಿಗೆ ಉಸಿರು ಬಂತು. ಹಾಡು, ಚಿತ್ರ ಎರಡನ್ನೂ ವೇದಿಕೆಯ ಮೇಲೆ ಒಟ್ಟಿಗೆ ನಡೆಸಬಲ್ಲ, ಇವರ ಕೈಗೆಟಕುವ ಲ್ಯಾಪ್‌ಟಾಪುಗಳು ಸೀತಾಬರ್ಡಿಯ ಈ ಅಂಗಡಿಯಲ್ಲಿ ಎರಡೇ ಇದ್ದವು. ಎರಡನೆಯದೂ ಸೋತರೆ ಭಾನುವಾರದ ಕಾರ್ಯಕ್ರಮಕ್ಕೆ ಯಂತ್ರವಿಲ್ಲ. ಯಂತ್ರವಿಲ್ಲದಿದ್ದರೆ ಅವಳನ್ನೇ ಹಾಡಿಸಬೇಕು.

ಅಷ್ಟೇ ಅವಳಿಗೆ ಬೇಕಾಗಿತ್ತು.

ಇಪ್ಪತ್ತೆಂಟು ವರ್ಷ ನಾಗಪುರದ ಕನ್ನಡಿಗರ ನಡುವೆ ಅವಳು ವಚನ ಹಾಡಿದ್ದಳು, ಕಾಶೀನಾಥ ತಬಲಾ ನುಡಿಸಿದ್ದ. ಹಾಡಿನ ಹಿಂದೆ ಪರದೆಯ ಮೇಲೆ ತೇಜಶ್ರೀ ಚಿತ್ರ ಬಿಡತೊಡಗಿದ್ದು ಈಚೆಗೆ. ಹೋದ ದಸರಾದಲ್ಲಿ, ಕೋರಾಡಿಯ ಕಾಲನಿಯಲ್ಲಿ, ಹಾಡು ಒಂದು ಕಡೆ ಹೋಯಿತು, ತಬಲಾ ಒಂದು ಕಡೆ. ಮುಂದಿನ ಸಾಲಿನಲ್ಲಿದ್ದವರು ಅವಳ ಮುಖ ನೋಡಲಾಗದೆ ತಲೆ ತಗ್ಗಿಸಿದರು. ಕಾಶೀನಾಥ ತಾಳ ತಪ್ಪುವವನಲ್ಲ. ಅಂದಮೇಲೆ ತಪ್ಪಿದ್ದು ಅವಳೇ.

ಅವನು ಒಂದು ಮಾತೂ ಅನ್ನಲಿಲ್ಲ. ಮತ್ತೆ ತಾಲೀಮಿಗೂ ಕರೆಯಲಿಲ್ಲ. ಫೋನ್ ಮಾಡಿದರೆ ತೇಜಶ್ರೀಯೇ ಎತ್ತುತ್ತಿದ್ದಳು. ಹದಿನೈದು ದಿನದ ಹಿಂದೆ ಆ ಹುಡುಗಿ ಮನೆಗೆ ಬಂದು, ಬಿಸಿ ಉಪ್ಪಿಟ್ಟು ತಿಂದು, ಹನ್ನೆರಡೂ ವಚನಗಳನ್ನು ಅವಳಿಂದ ಹಾಡಿಸಿ ಫೋನಿನಲ್ಲಿ ತುಂಬಿಕೊಂಡು ಹೋದಳು.

"ಯಾಕವಾ ಇದೆಲ್ಲಾ?"

"ಬೇಕಾಗ್ತೈತಿ, ಮಾವಶಿ."

ಯಾಕೆ ಬೇಕಾಗಿತ್ತೆಂದು ಈಗ ತಿಳಿದಿತ್ತು. ಹೆಡ್‌ಫೋನಿನೊಳಗೆ ಹಾಡುತ್ತಿದ್ದವಳು ಅವಳೇ.

ಅಂಗಡಿಯ ಶಾಮ ಎರಡನೆಯ ಲ್ಯಾಪ್‌ಟಾಪನ್ನು ತಂದಿಟ್ಟ. "ಇದು ಒಬ್ರು ಬಳಸಿದ್ದು ಐತ್ರಿ. ಆದ್ರ ದಣಿಯೂ ಪೈಕಿ ಅಲ್ಲ. ನನಗಿಂತ ಜಾಸ್ತಿ ದುಡೀತೈತಿ." ಅಕ್ಕಾರಿಗೆ ಸರಿಯಾಗಿ ಕೇಳಿಸಲೆಂದು, ತಾನು ನೋಡುತ್ತಿದ್ದ ಕ್ರಿಕೆಟ್ಟಿನ ಟಿವಿಯನ್ನು ಯಾರೂ ಹೇಳದೆಯೇ ಆರಿಸಿದ. ಕೊನೆಯ ಓವರುಗಳು ನಡೆದಿದ್ದವು.

ದಾಕ್ಷಾಯಿಣಿ ಹೆಡ್‌ಫೋನನ್ನು ಕಾಶೀನಾಥನ ಕಡೆ ಚಾಚಿದಳು. "ಈ ಸರ್ತಿ ನೀವ ಕೇಳ್ರಿ."

"ಬ್ಯಾಡ ಬ್ಯಾಡ, ನೀವ ಕೇಳ್ರಿ. ತೇಜಿ ಲಕ್ಷ್ಯ ಎಲ್ಲಾ ಚಿತ್ರದ ಮ್ಯಾಲ. ನಿಮ್ಮಂಥಾ ಕಿವಿ ಯಾರಿಗೈತಿ?"

ಅವಳ ಜಾಗ ಕಸಿದುಕೊಳ್ಳುವ ಯಂತ್ರವನ್ನು ಅವಳಿಂದಲೇ ಆಯ್ಕೆ ಮಾಡಿಸುವುದು, ಮೇಲೆ ಈ ಹೊಗಳಿಕೆ. ಅವನು ಎದುರಿಗೆ ಕುಳಿತು ಅವಳ ಮುಖವನ್ನೇ, ತುಟಿ ಅಲುಗುವುದನ್ನೇ ದಿಟ್ಟಿಸಿದ. ಅಂಗಡಿಗೆ ಬಂದಾಗಿನಿಂದ ಹಾಗೆಯೇ ನೋಡುತ್ತಿದ್ದ, ಕಳ್ಳರ ಮೇಲೆ ಕಣ್ಣಿಟ್ಟವನ ಹಾಗೆ.

ತೇಜಶ್ರೀ ಗುಂಡಿ ಒತ್ತಿದಳು. ವಚನ ಏರಿತು. ಪರದೆಯಲ್ಲಿ ನದಿ, ದೀಪ, ಜನರ ಚಿತ್ರಗಳು ಓಡಿದವು. ಧ್ವನಿ ಎಳೆಯಷ್ಟೂ ಅಲುಗಲಿಲ್ಲ. ಹಾಡಿನ ಕೆಳಗೆ ಕಾಶೀನಾಥನ ತಬಲಾ ಅವಳ ಉಸಿರಿನ ಜಾಡು ಹಿಡಿದೇ ನಡೆದಿತ್ತು. ಎರಡು ಹಾಡು, ಮೂರು ಹಾಡು. ಯಂತ್ರ ಬಿಸಿಯಾಯಿತು, ಬೆದರಲಿಲ್ಲ. ಇದಕ್ಕಿಂತ ಚೆನ್ನಾಗಿ ತಾನು ಯಾವತ್ತೂ ಹಾಡಿರಲಿಲ್ಲ.

ಅವಳು ಹೆಡ್‌ಫೋನನ್ನು ಕಿವಿಯಿಂದ ತೆಗೆದಳು.

"ಇದರಾಗೂ ಕರಕರ ಐತಿ," ಎಂದಳು.

"ಛೇ, ಶಕ್ಯನ ಇಲ್ರಿ!" ಶಾಮ ಎದ್ದೇಬಿಟ್ಟ. "ಇದು ಬರೋಬರ್ ಐತಿ. ಕೊಡ್ರಿಲ್ಲಿ, ನಾ ಕೇಳ್ತೇನಿ."

ಆದರೆ ಅವನಿಗಿಂತ ಮೊದಲು ಕಾಶೀನಾಥನ ಕೈ ಬಂತು. ಹೆಡ್‌ಫೋನನ್ನು ತೆಗೆದುಕೊಂಡು ತಲೆಗೆ ಹಾಕಿಕೊಂಡ.

ದಾಕ್ಷಾಯಿಣಿ ಕುರ್ಚಿಯ ಅಂಚು ಹಿಡಿದಳು. ಪಕ್ಕದ ಮನೆಯ ತಬಲಾ ಕೂದಲೆಳೆಯಷ್ಟು ಶ್ರುತಿ ಇಳಿದಿದ್ದರೂ ಊಟ ಬಿಟ್ಟು ಎದ್ದು ಹೋಗಿ ಸರಿಮಾಡಿ ಬರುತ್ತಿದ್ದ ಮನುಷ್ಯ. ಇವನೆದುರು ಇಂಥ ಸುಳ್ಳು!

ಅವನು ಕಣ್ಣು ಮುಚ್ಚಿದ. ಇಡೀ ಒಂದು ವಚನ ಮುಗಿಯಿತು. ತೇಜಶ್ರೀ ತಲೆ ಎತ್ತಲೇ ಇಲ್ಲ.

ಕಾಶೀನಾಥ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಅಕ್ಕಾರು ಹೇಳಿದ್ದು ಖರೆ. ಕರಕರ ಐತಿ. ಬ್ಯಾಡ."

ಶಾಮ ಇಬ್ಬರನ್ನೂ ನೋಡಿದ. ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದ.

ಕಾಶೀನಾಥ ಆಟೋ ನೋಡಲು ಹೊರಗೆ ಹೋದ. ದಾಕ್ಷಾಯಿಣಿ ಕುಳಿತಲ್ಲೇ ಕುಗ್ಗಿಹೋಗಿದ್ದಳು. ಇಲ್ಲದ ಕರಕರ ಅವನಿಗೆ ಹೇಗೆ ಕೇಳಿಸಿತು? ಒಂದೇ ಉತ್ತರವಿತ್ತು. ಸುಳ್ಳು ಹಿಡಿದುಬಿಟ್ಟಿದ್ದ. ಹಿಡಿದೂ, ಹೊರಗಿನವರೆದುರು ಅವಳ ಮಾನ ಹೋಗದಂತೆ ತಾನೂ ಸುಳ್ಳು ಹೇಳಿದ್ದ. ಇಂಥವನ ಭಾನುವಾರದ ಕಾರ್ಯಕ್ರಮವನ್ನು ಅವಳು ಕೆಡಿಸಹೊರಟಿದ್ದಳು.

ಬಾಗಿಲಿಗೆ ಓಡಿದಳು. "ಕಾಶೀನಾಥ್ರ, ನಿಂದರ್ರಿ!"

ನಾಲ್ಕು ಹೆಜ್ಜೆ ಆಚೆಗಿದ್ದವನು ತಿರುಗಲಿಲ್ಲ. ಇನ್ನೊಮ್ಮೆ ಕೂಗಿದಳು. ತಿರುಗಲಿಲ್ಲ. ಸಿಟ್ಟು ಬರುವುದೂ ನ್ಯಾಯವೇ.

ಹಿಂದೆಯೇ ಬಂದ ತೇಜಶ್ರೀಯ ಕೈ ಹಿಡಿದುಕೊಂಡಳು.

"ತೇಜಿ, ಅದರಾಗ ಏನೂ ಕರಕರ ಇರಲಿಲ್ಲವಾ. ನಾ ಸುಳ್ಳ ಹೇಳಿದೆ. ನಿಮ್ಮಪ್ಪಗ ತಿಳಿದರೂ ನನ್ನ ಮಾನ ಕಾದಾರ. ಹೋಗು, ಜಲ್ದಿ ಹೋಗಿ ಅದನ್ನ ತೊಗೊ. ಭಾನುವಾರ ಯಂತ್ರನ ಹಾಡಲಿ. ತಾಳ ತಪ್ಪಿದಾಕಿ ನಾನು."

ತೇಜಶ್ರೀ ಅಪ್ಪನ ಬೆನ್ನಿನ ಕಡೆ ನೋಡಿದಳು. ಕಣ್ಣು ತುಂಬಿದ್ದವು.

"ಹಾಡೋರು ನೀವ, ಮಾವಶಿ. ಯಂತ್ರದಾಗಿಂದ ಬರೂದು ಅಪ್ಪನ ಹಳೇ ತಬಲಾ ಅಷ್ಟ. ಅದನ್ನ ನಿಮ್ಮ ಹಾಡಿಗೆ ಸರಿಯಾಗಿ ಕೂಡಸಾಕಂತ ನಿಮ್ಮ ದನಿ ತುಂಬಿಕೊಂಡು ಹೋಗಿದ್ದೆ. ನೀವು ತಾಳ ತಪ್ಪಿರಲಿಲ್ಲ."

ಬೀದಿಯಲ್ಲಿ ಬಸ್ಸೊಂದು ಕಾಶೀನಾಥನ ಬೆನ್ನಿಗೇ ಹಾರ್ನ್ ಹೊಡೆಯುತ್ತಿತ್ತು. ಅವನು ಶಾಂತವಾಗಿ ಆಟೋ ಕಾಯುತ್ತ ನಿಂತಿದ್ದ.

"ದಸರಾಕ್ಕಿಂತ ಮೊದಲ ಅಪ್ಪನ ಎರಡೂ ಕಿವಿ ಹೋಗ್ಯಾವ್ರಿ."