ಕಿತ್ತಳೆ ಪಟ್ಟಿ

ಹಿಮ್ಮುಖವಾಗಿ ರಭಸದಿಂದ ಬರುತ್ತಿದ್ದ ಚಾಂಪಿಯನ್ ಹುಡುಗಿಯನ್ನು ಕಂಡೊಡನೆ ಗಣಿತದ ಟೀಚರ್ ಐಸ್ ಅಂಗಳದ ಗೋಡೆಗೆ ಅಂಟಿಕೊಂಡು, "ಸಾರಿ ಕಣಮ್ಮ" ಎಂದರು. ಐವತ್ತು ದಾಟಿದ ಮೇಲೆ ಸ್ಕೇಟಿಂಗ್ ಕಲಿಯಲು ಬಂದ ಅವರಿಗೆ ಆ ಮಾತು ಬಾಯಿಪಾಠವಾಗಿತ್ತು.

ಹುಡುಗಿ ಹಿಮದ ಪುಡಿ ಚಿಮ್ಮಿಸಿ ಗಕ್ಕನೆ ನಿಂತಳು. "ಆಂಟಿ, ನಿಮ್ಮ ಸೊಂಟ ನೋಡ್ಕೊಳ್ಳಿ."

ಟೀಚರ್ ಗಾಬರಿಯಿಂದ ಮುಟ್ಟಿಕೊಂಡರು. ಕಿತ್ತಳೆ ಬಣ್ಣದ ಪಟ್ಟಿ ಅಲ್ಲೇ ಇತ್ತು. ಇಲ್ಲಿ ಒಬ್ಬೊಬ್ಬರೂ ಸರದಿಯಂತೆ ತಮ್ಮ ಹಾಡು ಹಾಕಿಸಿಕೊಂಡು ಅದಕ್ಕೆ ತಕ್ಕಂತೆ ಸ್ಕೇಟಿಂಗ್ ಅಭ್ಯಾಸ ಮಾಡುತ್ತಾರೆ; ಯಾರ ಹಾಡು ಬರುತ್ತಿದೆಯೋ ಅವರು ಆ ಪಟ್ಟಿಯನ್ನು ಕಟ್ಟಿಕೊಳ್ಳಬೇಕು. ಉಳಿದವರು, ಎಂಥ ಚಾಂಪಿಯನ್ನರೇ ಆಗಲಿ, ಅವರಿಗೆ ದಾರಿ ಬಿಡಬೇಕು. ಟೀಚರ್ ಇವತ್ತೇ ಮೊದಲ ಸಲ ತಮ್ಮ ಹಾಡು ಹಾಕಿಸಿದ್ದರು. ಸ್ಪೀಕರಿನಲ್ಲಿ ಆ ಹಾಡಿನ ಪಿಟೀಲು ಅವರನ್ನು ಬಿಟ್ಟು ಅರ್ಧ ದೂರ ಹೋಗಿಯಾಗಿತ್ತು.

"ನೀನು ಹೋಗಮ್ಮ, ನಿಂಗೆ ಪಂದ್ಯ ಇದೆ. ನಂದೇನು, ಟೈಮ್‌ಪಾಸು."

"ಹಾಡು ನಿಮ್ದಲ್ವಾ ಆಂಟಿ? ನಾನು ಅಡ್ಡ ಬಂದ್ರೆ ಕೋಚ್ ನನ್ನನ್ನ ಆಚೆ ಕಳಿಸ್ತಾರೆ" ಎಂದ ಹುಡುಗಿ ತಾನೇ ಗೋಡೆಗೆ ಒತ್ತಿಕೊಂಡು ನಿಂತಳು.

ಟೀಚರ್ ಹೊರಟರು. ಪುಟ್ಟದೊಂದು ನೆಗೆತ ನೆಗೆದು ಬಿದ್ದರು, ಎದ್ದರು. ಅಷ್ಟರಲ್ಲಿ ಪದಕಗಳ ಸರದಾರನೊಬ್ಬ ಬೆನ್ನು ಹಾಕಿಕೊಂಡು ಅವರ ದಾರಿಗೇ ಬಂದ. ತುದಿನಾಲಿಗೆಗೆ ಬಂದ 'ಸಾರಿ'ಯನ್ನು ನುಂಗಿಕೊಂಡ ಟೀಚರ್, ಕಡೇ ಬೆಂಚಿಗೂ ಕೇಳುವ ತಮ್ಮ ಕ್ಲಾಸಿನ ದನಿಯಲ್ಲಿ ಗದರಿದರು: "ಏಯ್, ಜಾಗ ಬಿಡೋ!"

ಅವನಷ್ಟೇ ಅಲ್ಲ, ಅಂಗಳದಲ್ಲಿದ್ದವರೆಲ್ಲ ಸರಿದು ನಿಂತರು.