ದಣಿವಿನ ಪಾಲು

ಹುಬ್ಬಳ್ಳಿಯ ಈ ಓಣಿಯಲ್ಲಿ ರೋಗಿಗಳಿರುವ ಮನೆಗೆ ಹೋದವರು ಚಹಾ ಕುಡಿದು, ಆರೈಕೆ ಮಾಡುವವರ ದಣಿವಿನಲ್ಲಿ ಒಂದು ಪಾಲನ್ನು ತಮ್ಮ ಅಂಗೈಗೆ ಇಳಿಸಿಕೊಂಡೇ ಏಳುತ್ತಾರೆ. ಆ ಪಾಲು ಕೊಡುವಾಗ ಸಂಕೋಚಪಡುವವಳು, ಅತ್ತೆಯ ಆರೈಕೆ ಮಾಡುವ ಕಸ್ತೂರಿ ಒಬ್ಬಳೇ.

ಪಕ್ಕದ ಮನೆಯ ಮೆಹರುನ್ನಿಸಾ ಅವಳ ಕೈ ಹಿಡಿದು ರೇಗಿದಳು. "ರಾತ್ರಿಯೆಲ್ಲಾ ಅತ್ತಿ ಹಿಂದ ಓಡ್ಯಾಡ್ತಿ, ನನಗ ಚಿಟಿಕಿಯಷ್ಟು ಕೊಡ್ತಿ. ನಾ ಏನ್ ಹೊರಗಿನಾಕೀನ?"

"ನಿಮಗೂ ಮನ್ಯಾಗ ಕೆಲಸ ಇರ್ತಾವಲ್ರೀ," ಎಂದು ಕಸ್ತೂರಿ ಕೈ ಹಿಂದೆಳೆದುಕೊಂಡಳು.

ಮೂಲೆಯಲ್ಲಿ ಸೆರಗು ಮಡಚಿ ಬಿಡಿಸುತ್ತಿದ್ದ ಅತ್ತೆ ಅಂಬವ್ವ ತಲೆಯೆತ್ತಿದಳು. ಮರೆವಿನ ಕಾಯಿಲೆ ಹತ್ತಿದ ಮೇಲೆ ಅವಳಿಗೆ ಸೊಸೆಯ ಗುರುತೂ ಇಲ್ಲ, ನಿದ್ದೆಯೂ ಇಲ್ಲ. ರೋಗಿಯ ಕೈಗೇ ದಣಿವು ಕೊಡುವ ಪದ್ಧತಿ ಓಣಿಯಲ್ಲಿ ಇರಲಿಲ್ಲ.

ಅಂಬವ್ವ ಎದ್ದು ಬಂದು ಅಂಗೈ ಒಡ್ಡಿದಳು. "ಯಾರ ಮನಿ ಮಗಳವಾ ನೀ? ಭಾಳ ದಣದೀ. ತಾ ಇಲ್ಲೆ."

ಕಸ್ತೂರಿ ಬೇಡವೆನ್ನುವಷ್ಟರಲ್ಲಿ ಆ ಒಣ ಬೆರಳುಗಳು ಅವಳ ಕೈಯನ್ನು ಬಿಗಿಯಾಗಿ ಹಿಡಿದಿದ್ದವು. ಅವಳ ಕುತ್ತಿಗೆ, ಭುಜ, ಸೊಂಟ ಒಂದೊಂದಾಗಿ ಹಗುರಾದವು.

ಅಂಬವ್ವ ಬಾಯ್ತುಂಬ ಆಕಳಿಸಿ, ಸೊಸೆಯ ತೊಡೆಯ ಮೇಲೆ ತಲೆಯಿಟ್ಟು, ಗೊರಕೆ ಹೊಡೆಯತೊಡಗಿದಳು.

ಮೆಹರುನ್ನಿಸಾ ಸದ್ದಿಲ್ಲದೆ ಎದ್ದಳು. "ಅಳ್ಳಾಡಬ್ಯಾಡ," ಎಂದು ಪಿಸುಗುಟ್ಟಿದಳು. "ಚಹಾ ನಾ ಮಾಡ್ತೀನಿ."