ಇಂಜಿನ್ನಿನ ನಡುಕ

ಅದುರುತ್ತಿದ್ದ ಡ್ಯಾಶ್‌ಬೋರ್ಡಿನ ಮೇಲೆ ಎಡಗೈ ಊರಿ ಸುಕುಮಾರನ್ ಕಣ್ಣು ಮುಚ್ಚಿಕೊಂಡ. ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಹೋದ ಮೇಲೆ ಗಂಡ ಯಾವುದಕ್ಕೂ ಹೀಗೆ ಮನಸ್ಸು ಕೊಟ್ಟದ್ದನ್ನು ವಿಲಾಸಿನಿ ಕಂಡಿರಲಿಲ್ಲ. ಅವನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಪುಟ್ಟ ಕಾರನ್ನು, ಇಂಜಿನ್ನಿನ ನಡುಕ ತಡೆಯಲಾರದೆ, ಪಾಲಕ್ಕಾಡಿನ ಕೋಟೆ ಮೈದಾನದ ಬಳಿ ಅವಳು ನಿಲ್ಲಿಸಿದ್ದಳು.

"ಪ್ಲಗ್ಗು ಹೊಸದೇ ಹಾಕಿದೀನಲ್ಲ ಅತ್ತಿಗೆ, ಇನ್ನೇನು ರೋಗ ಇದಕ್ಕೆ?" ಜೊತೆಗೆ ಬಂದಿದ್ದ ಮೈದುನ ಬಿಜು ಬಾನೆಟ್ ಎತ್ತಿ ನೋಡುತ್ತ ಗೊಣಗಿದ. ಅಣ್ಣನ ಗ್ಯಾರೇಜನ್ನು ಈಗ ಅವನೇ ನಡೆಸುತ್ತಿದ್ದ.

ಸುಕುಮಾರನ್ ಅಂಗೈಯನ್ನು ಮೆಲ್ಲಗೆ ಎಡಬಾಗಿಲ ಕಡೆಗೆ ಸರಿಸಿದ. ತುಟಿ ಅಲುಗಿತು. "ಮೌಂ... ಟಿಂಗು."

ಬಿಜು ಬಗ್ಗಿ ಎಡಗಡೆಗೆ ಟಾರ್ಚ್ ಬಿಟ್ಟ. ಇಂಜಿನ್ನನ್ನು ಹೊತ್ತಿರುವ ರಬ್ಬರು ಸೀಳಿಹೋಗಿತ್ತು. ವಿಲಾಸಿನಿಗೆ ಅದೇನೂ ಬೇಕಿರಲಿಲ್ಲ. ಗಂಡನ ಕೈ ಹಿಡಿದು, "ಏಟ್ಟಾ, ಇನ್ನೊಂದ್ಸಲ ಹೇಳಿ," ಎಂದಳು.

ಅವನು ಹುಬ್ಬು ಗಂಟಿಕ್ಕಿದ. "ಮೊದ್ಲು... ಗಾಡಿ... ಆಫ್ ಮಾಡೇ."

ಕಾರು ಕಲಿಸುವಾಗ ದಿನವೂ ಅವಳನ್ನು ಅಳಿಸುತ್ತಿದ್ದ ಅದೇ ಗದರಿಕೆ. ವಿಲಾಸಿನಿ ಕೀಲಿ ತಿರುಗಿಸಿದಳು. ಸದ್ದಡಗಿದ ಕಾರಿನ ಸ್ಟಿಯರಿಂಗಿಗೆ ಹಣೆ ಹಚ್ಚಿ, ಸದ್ಯ ಇವತ್ತೇ ಕೆಟ್ಟಿತಲ್ಲ ಎಂದು ಅದಕ್ಕೆ ಕೈಮುಗಿದಳು.